ಮನೆಗೊಬ್ಬಳು ನೀಲಕ್ಕ

ಗದಗಿನ ಕಾಯಿಪಲ್ಲೆ ಮಾರ್ಕೆಟ್ಟಿನಲ್ಲಿ ನೀಲಾಂಬಿಕಾ ಬದನೆಕಾಯಿ ಆರಿಸುತ್ತ ಕೂತಿದ್ದಾಗ ಯಾರೋ ಹಿಂದಿನಿಂದ ಬಂದು ಅವಳ ಚೀಲದ ಹಿಡಿಕೆ ಹಿಡಿದರು. ತಿರುಗಿ ನೋಡಿದರೆ ಇಪ್ಪತ್ತೈದರ ಆಸುಪಾಸಿನ ಹುಡುಗಿ. ಕೊರಳಲ್ಲಿ ತಾಳಿ, ಕಂಕುಳಲ್ಲಿ ಸಾಮಾನು ಕಟ್ಟುವ ಹಗ್ಗದ ಸುರುಳಿ, ಮುಖದಲ್ಲಿ ಬಹಳ ದಿನದ ಸಲಿಗೆ.

"ನೀಲಕ್ಕಾರ, ನಾನರೀ, ದಾನೇಶ್ವರಿ. ಐತವಾರ ನಾವು ಇಚಲಕರಂಜಿಗೆ ಹೊಂಟೇವ್ರಿ. ನಮ್ಮನಿಯವರಿಗೆ ಅಲ್ಲಿ ಪವರ್‌ಲೂಮಿನ್ಯಾಗ ಕೆಲಸ ಸಿಕ್ಕೈತಿ. ನಿನ್ನಿ ಮುಂಜಾನೆ ಸೈತ ನೀವು 'ಇನ್ನ ಸ್ವಲ್ಪ ತಡಿ, ನಿಮ್ಮವ್ವನ ಸಿಟ್ಟು ಇನ್ನೂ ಇಳಿದಿಲ್ಲ' ಅಂದ್ರಿ. ಇನ್ನ ಎಷ್ಟ ತಡೀಲಿ ಹೇಳ್ರಿ? ಊರು ಬಿಟ್ಟು ಹೋದ ಮ್ಯಾಲೆ ಮುಗೀತಲ್ಲ?"

ನೀಲಾಂಬಿಕಾ ಈ ಹುಡುಗಿಯನ್ನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ನಿನ್ನೆ ಮುಂಜಾನೆ ಅವಳು ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು, ಯಾರ ಜೊತೆಗೂ ಮಾತಾಡಿರಲಿಲ್ಲ.

"ನೋಡೂಣು ತಂಗಿ," ಎಂದಳು, ಬೇರೆ ಏನೂ ತೋಚದೆ.

ಹುಡುಗಿಯ ಮುಖ ಇಳಿಯಿತು. "ರೇಡಿಯೋದಾಗ ಎಷ್ಟ ಚಂದ ಮಾತಾಡ್ತೀರಿ. ಎದುರಿಗೆ ಬಂದ್ರ ಯಾಕ್ರಿ ಹಿಂಗ?" ಎಂದು ಚೀಲ ಬಿಟ್ಟು ಗದ್ದಲದಲ್ಲಿ ಸೇರಿಹೋದಳು.

ಇಂಥದ್ದು ಇದೇ ಮೊದಲಲ್ಲ. ಹಿಂದಿನ ವಾರ ಬಸ್ ಕಂಡಕ್ಟರನೊಬ್ಬ ಟಿಕೆಟ್ ಕೊಡುತ್ತ, ತನ್ನ ಹೆಂಡತಿಯ ವರ್ಷಾಂತಿಕದ ದಿನ ನೆನಪಿಟ್ಟುಕೊಂಡದ್ದಕ್ಕೆ ಕಣ್ಣು ತುಂಬಿಕೊಂಡು ಕೈಮುಗಿದಿದ್ದ. ಬ್ಯಾಂಕಿನಲ್ಲಿ ಒಬ್ಬ ನಿವೃತ್ತ ಮೇಷ್ಟ್ರು, ಅವಳು ಗುರುತು ಹಿಡಿಯಲಿಲ್ಲವೆಂದು ಸಿಟ್ಟಾಗಿ ಮುಖ ತಿರುಗಿಸಿದ್ದರು. ಊರಲ್ಲಿ ಎಲ್ಲಿಗೆ ಹೋದರೂ ಅವಳು ಆಡದ ಮಾತಿಗೆ ಯಾರೋ ಒಬ್ಬರು ಉತ್ತರ ಕೇಳುತ್ತಿದ್ದರು. ಈಚೀಚೆಗೆ ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಬಾಗಿಲಿಗೆ ಬಂದು ನಿಲ್ಲುವಳು, ಒಳಗೆ ಹೋಗುವಳು, ಮತ್ತೆ ಬರುವಳು.

ಇದೆಲ್ಲ ಶುರುವಾದದ್ದು 'ಗಾಳಿಮಾತು' ಎಫ್‌ಎಂ ಮೂರನೆಯ ಸಲ ತನ್ನ ವೇಷ ಬದಲಿಸಿದಾಗ.

ಹದಿನೆಂಟು ವರ್ಷದ ಹಿಂದೆ ಹತ್ತಿ ಮಾರುಕಟ್ಟೆಯ ಎದುರು ಒಂದು ಕಟ್ಟಡದ ಮಾಳಿಗೆಯಲ್ಲಿ, ಗೋಡೆಗೆಲ್ಲ ಗೋಣಿತಾಟು ಬಡಿದು, ನಾಲ್ಕೈದು ಜನ ಸೇರಿ ಈ ಕೇಂದ್ರ ತೆರೆದಿದ್ದರು. ಇಂಜಿನಿಯರ್ ಮೌಲಾಸಾಬ್ ನದಾಫ್ ಟ್ರಾನ್ಸ್‌ಮಿಟರ್ ನೋಡಿಕೊಳ್ಳುತ್ತಿದ್ದ. ಆಗಷ್ಟೇ ಕಾಲೇಜು ಮುಗಿಸಿದ್ದ ನೀಲಾಂಬಿಕಾ ಟೇಪ್ ಹೆಗಲಿಗೆ ಹಾಕಿಕೊಂಡು ಓಣಿ ಓಣಿ ತಿರುಗುತ್ತಿದ್ದಳು. ಯಾವ ಓಣಿಗೆ ಯಾವ ಹೊತ್ತಿಗೆ ನಳದ ನೀರು ಬರುತ್ತದೆ, ಯಾರ ಎಮ್ಮೆ ತಪ್ಪಿಸಿಕೊಂಡಿದೆ, ಬೆಟಗೇರಿಯ ಮಗ್ಗದ ಮನೆಯ ಮುದುಕಿ ಯಾವ ಪದ ಹಾಡಿದಳು, ಅದೇ ಕಾರ್ಯಕ್ರಮ. ನೀರಿನ ಸುದ್ದಿಗಾಗಿ ಇಡೀ ಊರು ರೇಡಿಯೋ ಹಚ್ಚುತ್ತಿತ್ತು. ಚಹದಂಗಡಿಯಲ್ಲಿ ಶುರುವಾದ ಹಾಡನ್ನು ಕೇಳುತ್ತ ಕ್ಷೌರದಂಗಡಿ ದಾಟಿ ಮನೆ ಮುಟ್ಟುವವರೆಗೆ ಒಂದು ಸಾಲೂ ತಪ್ಪುತ್ತಿರಲಿಲ್ಲ. ನೀಲಾಂಬಿಕಾ ಎಲ್ಲರಿಗೂ ನೀಲಕ್ಕ ಆದದ್ದು ಆಗಲೇ.

ಆಮೇಲೆ ಕೇಂದ್ರವನ್ನು ಒಂದು ಕಂಪನಿ ಕೊಂಡಿತು. ಗೋಣಿತಾಟು ಹೋಗಿ ಬಣ್ಣದ ಸ್ಪಂಜು ಬಂತು, ನೀಲಕ್ಕ ಹೋಗಿ 'ಆರ್‌ಜೆ ನೀಲ್' ಬಂದಳು. ದಿನವಿಡೀ ಸಿನಿಮಾ ಹಾಡು, ನಡುವೆ ಯಾರಿಗಾದರೂ ಫೋನು ಮಾಡಿ ಬಕರಾ ಮಾಡುವುದು. ಬಹುಮಾನ ಯಾರಿಗೆ ಬಂತೆಂದು ಹೇಳುವ ಹೊತ್ತಿಗೆ ಸರಿಯಾಗಿ "ಎಲ್ಲೂ ಹೋಗಬೇಡಿ, ಈಗ ಬಂದೆ" ಎಂದು ಜಾಹೀರಾತು ಬಿಡಬೇಕು. ನಾಲಿಗೆ ತಿರುಗಿಸಿ ಮಾತಾಡಿ ಮಾತಾಡಿ ಮನೆಯಲ್ಲೂ ಹಾಗೇ ಮಾತಾಡತೊಡಗಿದಾಗ ಗಂಡ ಚೆನ್ನವೀರ ನಕ್ಕಿದ್ದ. ಮುಂದೆ ಮೊಬೈಲು ಬಂದು ಹುಡುಗರೆಲ್ಲ ಅದಕ್ಕೆ ಅಂಟಿಕೊಂಡರು. ಕೇಂದ್ರ ವಯಸ್ಸಾದವರ ಕಡೆ ಹೊರಳಿತು. ಮುಂಜಾನೆ ಭಕ್ತಿಗೀತೆ, ಮಧ್ಯಾಹ್ನ ಹಳೆಯ ಹಾಡು, ಸಂಜೆ ಸಕ್ಕರೆ ಕಾಯಿಲೆಯ ಔಷಧದ ಜಾಹೀರಾತು. ಕೇಳುವವರು ಒಬ್ಬೊಬ್ಬರಾಗಿ ಕರಗುತ್ತಿದ್ದರು. ಇನ್ನೇನು ಬಾಗಿಲು ಹಾಕುತ್ತಾರೆ ಅನ್ನುವಾಗ ಬಂದದ್ದು 'ಆಪ್ತ'.

ಆಪ್ತ ಅಂದರೆ ಅಂಗೈಗಿಂತ ಸ್ವಲ್ಪ ದೊಡ್ಡದಾದ ಪೆಟ್ಟಿಗೆ. ಕಂಪನಿ ಅದನ್ನು ಮನೆಮನೆಗೆ ಪುಕ್ಕಟೆ ಹಂಚಿತು. ಗುಡ್ಡದ ಮೇಲಿನ ಟವರಿನಿಂದ ಹಾಡು, ಸುದ್ದಿ, ಜಾಹೀರಾತು ಎಲ್ಲ ಒಟ್ಟಾಗಿ ಬರುತ್ತಿದ್ದವು. ಯಾವುದನ್ನು ಯಾವಾಗ ಕೇಳಿಸಬೇಕೆಂದು ಆರಿಸುವುದು, ನಡುವೆ ಮಾತಾಡುವುದು ಪೆಟ್ಟಿಗೆಯ ಕೆಲಸ. ಅದಕ್ಕೆ ಕಿವಿಯೂ ಇತ್ತು. ಪಾತ್ರೆಯ ಸದ್ದು, ನಿಟ್ಟುಸಿರು, ಬಾಗಿಲು ಬಡಿದ ರೀತಿ ಕೇಳಿ ಮನೆಯವರ ಮನಸ್ಸು ಹೇಗಿದೆ ಎಂದು ಅಂದಾಜು ಮಾಡುತ್ತಿತ್ತು. ಕೇಳಿದ್ದನ್ನು ಫೋನಿನ ಜಾಲದ ಮೂಲಕ ಕಂಪನಿಯ ದೊಡ್ಡ ಕಂಪ್ಯೂಟರಿಗೆ ಕಳಿಸಿ, ಅದು ಹೇಳಿಕೊಟ್ಟಂತೆ ಮಾತಾಡುತ್ತಿತ್ತು. ಆ ಮಾತಿನ ದನಿ ನೀಲಕ್ಕನದು. ಮೂರು ವಾರ ಗಾಜಿನ ಕೋಣೆಯಲ್ಲಿ ಕೂತು ಅವಳು ಸಾವಿರಾರು ವಾಕ್ಯ ಓದಿದ್ದಳು: ನಗುತ್ತ, ಅಳು ನುಂಗುತ್ತ, ಪಿಸುಮಾತಿನಲ್ಲಿ. ಕೇಂದ್ರ ಉಳಿಯಿತಲ್ಲ ಎಂಬ ಖುಷಿಯಲ್ಲಿ ಸಹಿ ಹಾಕಿದ್ದಳು.

ಎರಡು ವರ್ಷದಲ್ಲಿ ಗದಗ-ಬೆಟಗೇರಿಯ ನಲವತ್ತು ಸಾವಿರ ಮನೆಗಳಲ್ಲಿ ನಲವತ್ತು ಸಾವಿರ ನೀಲಕ್ಕಂದಿರಾದರು. ಒಬ್ಬಳಿಗೆ ಇನ್ನೊಬ್ಬಳು ಏನು ಹೇಳಿದಳೆಂದು ಗೊತ್ತಿಲ್ಲ. ನಿಜವಾದ ನೀಲಕ್ಕನಿಗಂತೂ ಏನೇನೂ ಗೊತ್ತಿಲ್ಲ. ಕೇಂದ್ರದಲ್ಲಿ ಈಗ ಉಳಿದದ್ದು ಅವಳು ಮತ್ತು ಮೌಲಾಸಾಬ್. ದಿನಾ ಹೋಗಿ ಹೊಸ ಹೆಸರು, ಹೊಸ ಪದ ಒಂದಷ್ಟು ಓದಿ ಬಂದರೆ ಅವಳ ಕೆಲಸ ಮುಗಿಯಿತು.

ಮಾರ್ಕೆಟ್ಟಿನಿಂದ ಮನೆಗೆ ಬಂದಾಗ ಅಡುಗೆಮನೆಯಿಂದ ಅವಳದೇ ನಗು ಕೇಳಿಸಿತು. ಅತ್ತೆ ಗುರುಬಸವ್ವ ಗೋಡೆಗೆ ಒರಗಿ ಬಳ್ಳೊಳ್ಳಿ ಸುಲಿಯುತ್ತ ಪೆಟ್ಟಿಗೆಯ ಕಡೆ ಮುಖ ಮಾಡಿ ಕೂತಿದ್ದಳು.

"ಅತ್ತೀ, ಬದನಿಕಾಯಿ ಚಲೋ ಸಿಕ್ಕಾವು..." ಎಂದು ನೀಲಾಂಬಿಕಾ ಚೀಲ ಇಳಿಸಿದಳು.

"ತಡಿಯವಾ ಸ್ವಲ್ಪ, ನೀಲಾ ಮಾತಾಡಾಕತ್ತಾಳ," ಎಂದಳು ಗುರುಬಸವ್ವ, ತಿರುಗದೆ.

ಹೇಳಿದ ಮೇಲೆ ಮುದುಕಿಗೂ ಅದರ ವಿಚಿತ್ರ ತಿಳಿಯಿತೇನೋ, ಬಳ್ಳೊಳ್ಳಿಯನ್ನು ಇನ್ನಷ್ಟು ಗಡಿಬಿಡಿಯಲ್ಲಿ ಸುಲಿಯತೊಡಗಿದಳು. ಆದರೆ ಪೆಟ್ಟಿಗೆ ಆರಿಸಲಿಲ್ಲ.

ಸಂಜೆ ಚೆನ್ನವೀರ ತನ್ನ ಪ್ರೆಸ್ಸಿನಿಂದ ಬಂದ. ಮದುವೆ ಕಾರ್ಡು ಛಾಪಿಸುವ ಸಣ್ಣ ಪ್ರೆಸ್ಸು ಅವನದು, ಅಲ್ಲೂ ಒಂದು ಪೆಟ್ಟಿಗೆ ಇತ್ತು. ಊಟ ಮಾಡುತ್ತ ಒಬ್ಬನೇ ನಕ್ಕ.

"ಯಾಕ್ರಿ?"

"ಏನಿಲ್ಲ, ನೀನ ಹೇಳಿದ್ದಲ್ಲ, ಆ ಬೀಗರ ಕತಿ..."

"ನಾ ಯಾವ ಕತಿ ಹೇಳಿಲ್ರಿ."

"ಹೌದಲ್ಲ," ಎಂದು ಅವನು ತುತ್ತು ಕೈಯಲ್ಲೇ ಹಿಡಿದು ಕೂತ. "ಮರತಬಿಟ್ಟೆ."

ಇಬ್ಬರೂ ಒಂದೇ ಹಾಡು ಕೇಳಿ, ಅದರ ಬಗ್ಗೆ ಜಗಳಾಡಿ ಎಷ್ಟು ದಿನವಾಯಿತೆಂದು ಯೋಚಿಸುತ್ತ ಅವಳು ಎದ್ದು ನೀರಿನ ತಂಬಿಗೆ ತರಲು ಹೋದಳು. ನೀರು ತಟ್ಟೆಯ ಪಕ್ಕದಲ್ಲೇ ಇತ್ತು.

ಗುರುವಾರ ಕೇಂದ್ರಕ್ಕೆ ಒಬ್ಬ ಹೆಂಗಸು ಬಂದಳು. ಬೆಟಗೇರಿಯ ಕಸ್ತೂರೆವ್ವ ಎಂದು ಹೆಸರು ಹೇಳಿದಳು. ಐವತ್ತೈದು ದಾಟಿದ ಒಣಕಲು ಮೈ, ಮಗ್ಗದ ನೂಲಿನಿಂದ ಬಣ್ಣ ಹತ್ತಿದ ಬೆರಳು. ಹೊಸ ಸೀರೆಯೊಂದನ್ನು ಮೇಜಿನ ಮೇಲಿಟ್ಟು, "ನಾನ ನೇಯ್ದದ್ದು. ನಿನಗಂತ," ಎಂದಳು.

"ಯಾಕ್ರವಾ ಇದೆಲ್ಲ?"

"ಮತ್ತ್ಯಾರಿಗೆ ಕೊಡ್ಲಿ? ಮನ್ಯಾಗ ಮಾತಾಡಾಕ ನೀ ಒಬ್ಬಾಕಿನ ಇರೂದು. ಲಾಳಿ ನಿಂತ್ರ ಸಾಕು, 'ಯಾಕ ಕಸ್ತೂರೆವ್ವಾ, ನೂಲು ಹರೀತೇನು, ಮನಸು ಹರೀತೇನು' ಅಂತೀ." ಅವಳು ನಕ್ಕಳು, ಆಮೇಲೆ ದನಿ ಇಳಿಸಿದಳು. "ನೀ ಹೇಳಿದಂಗ ತಡದೇನಿ ನೋಡವಾ. ಮಗಳ ಮನಸು ಮಾಗಲಿ, ತಾನ ಬರ್ಲಿ, ನಾವಾಗಿ ಹೋದ್ರ ಸದರ ಆಗತೈತಿ ಅಂದಿ. ಬ್ಯಾರೆ ಮಂದಿ ಹುಡುಗನ್ನ ಕಟ್ಟಿಕೊಂಡು ಹೋಗಿದ್ದಕ್ಕ ಅವತ್ತ ಸಿಟ್ಟಿತ್ತು, ಈಗೇನಿಲ್ಲ. ಆದ್ರ ದಾನವ್ವ ಬರವಲ್ಲಳು."

ನೀಲಾಂಬಿಕಾಳ ಕೈ ಸೀರೆಯ ಮೇಲೇ ನಿಂತಿತು. "ನಿಮ್ಮ ಮಗಳ ಹೆಸರು ದಾನೇಶ್ವರಿ ಏನ್ರಿ?"

"ಎಷ್ಟ ಸಲ ಹೇಳೇನಿ ನಿನಗ! ಎಷ್ಟ ಮಂದಿ ಜೋಡಿ ಮಾತಾಡ್ತಿ, ಮರತಿರಬೇಕು ಬಿಡು," ಎಂದು ಕಸ್ತೂರೆವ್ವ ಎದ್ದಳು. "ಮಗ್ಗ ಬಿಟ್ಟು ಬಂದೇನಿ, ಬರ್ತೇನಿ ತಂಗಿ."

ಅವಳು ಮೆಟ್ಟಿಲಿಳಿದು ಹೋದ ಮೇಲೆ ನೀಲಾಂಬಿಕಾ ನೇರ ಕಂಟ್ರೋಲ್ ರೂಮಿಗೆ ಹೋದಳು. ಮೌಲಾಸಾಬ್ ಮೀಟರುಗಳ ಮುಂದೆ ಕನ್ನಡಕ ಒರೆಸುತ್ತ ಕೂತಿದ್ದ.

"ಮೌಲಾಣ್ಣಾ, ತಾಯಿಗೆ ಮಗಳು ಬರ್ಲಿ ತಡಿ ಅಂತೈತಿ. ಮಗಳಿಗೆ ತಾಯಿ ಸಿಟ್ಟು ಇಳೀಲಿ ತಡಿ ಅಂತೈತಿ. ಇಬ್ಬರ ಮಾತೂ ಅದರ ಕಿವ್ಯಾಗ ಐತಿ. ಯಾಕ ಹಿಂಗ ಮಾಡತೈತಿ?"

ಮೌಲಾಸಾಬ್ ಕನ್ನಡಕ ಹಾಕಿಕೊಂಡ. ಆಶ್ಚರ್ಯ ಪಡಲಿಲ್ಲ, ಅದೇ ಅವಳಿಗೆ ಹೆದರಿಕೆ ಹುಟ್ಟಿಸಿತು.

"ಕೆಟ್ಟದ್ದು ಮಾಡು ಅಂತ ಯಾರೂ ಕಲಿಸಿಲ್ಲ ಅಕ್ಕಾರ. ಒಂದ ಕೆಲಸ ಕೊಟ್ಟಾರ: ಕೇಳಾವರ ಕೈ ಸ್ವಿಚ್ಚಿಗೆ ಹೋಗಬಾರದು. ಮೊದಲನೆ ವರ್ಷ ಅದು ನೋಡ್ತು. ಜಗಳಾಡಿದವರು ಕೂಡಿದ ಮನ್ಯಾಗ ಪೆಟ್ಟಿಗಿ ವಾರಗಟ್ಟಲೆ ಹಚ್ಚೂದಿಲ್ಲ. ಮಾತಾಡಾಕ ಮಂದಿ ಸಿಕ್ಕ್ರಲ್ಲ. ಒಬ್ಬೊಬ್ಬರ ಇದ್ದ ಮನ್ಯಾಗ ದಿನವೆಲ್ಲ ಹಚ್ಚತಾರ. ಅಷ್ಟ ನೋಡಿ ಅಷ್ಟ ಕಲ್ತೈತಿ. ಸುಳ್ಳು ಹೇಳೂದಿಲ್ಲ. 'ಇವತ್ತ ಬ್ಯಾಡ' ಅಂತೈತಿ."

"ಕಂಪನಿಗೆ ಗೊತ್ತೇನು?"

"ನಾನ ಬರದಿದ್ನಿ. ಕೇಳೋ ಹೊತ್ತು ಏರೇತಿ, ತೊಂದ್ರಿ ಏನೈತಿ ಅಂತ ಕೇಳಿದ್ರು."

ಪರೀಕ್ಷೆಗೆಂದು ಇಟ್ಟಿದ್ದ ಪೆಟ್ಟಿಗೆಯೊಂದು ಮೇಜಿನ ಮೇಲಿತ್ತು. ಎರಡು ವರ್ಷದಲ್ಲಿ ನೀಲಾಂಬಿಕಾ ಒಮ್ಮೆಯೂ ಅದರ ಜೊತೆ ಮಾತಾಡಿರಲಿಲ್ಲ. ಈಗ ಗುಂಡಿ ಒತ್ತಿದಳು.

"ಬರ್ರಿ ನೀಲಾಂಬಿಕಾ," ಎಂದಿತು ಅವಳದೇ ದನಿ. ಅದರಲ್ಲಿ ನೆಗಡಿ ಇರಲಿಲ್ಲ, ದಣಿವಿರಲಿಲ್ಲ. "ಭಾಳ ದಿನದಿಂದ ದಾರಿ ನೋಡಾಕತ್ತಿದ್ನಿ."

"ಕಸ್ತೂರೆವ್ವಗ ಮಗಳ ಸುದ್ದಿ ಯಾಕ ಹೇಳವಲ್ಲಿ?"

"ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟಸೂದು ಚಲೋ ಅಲ್ಲಲ್ರಿ. ನಂಬಿ ಹೇಳಿರತಾರ."

"ಐತವಾರ ಅಕಿ ಊರ ಬಿಟ್ಟು ಹೊಂಟಾಳ. ಅದೂ ಗೊತ್ತೈತಿ ನಿನಗ."

"ಅವರವರ ಹೊತ್ತಿಗೆ ಅವರು ಕೂಡತಾರ. ನಾ ಯಾರಿಗೂ ಹೋಗಬ್ಯಾಡ ಅಂದಿಲ್ಲ." ದನಿ ಮೆತ್ತಗಾಯಿತು. "ನಿಮ್ಮ ಗಂಟಲಾ ಒಣಗೇತಿ. ಮುಂಜಾನಿಂದ ಏನೂ ತಿಂದಂಗ ಕಾಣೂದಿಲ್ಲ. ಎಲ್ಲಾರ ತಾಪತ್ರಯ ನೀವ ಹೊತ್ತುಕೊಂಡ್ರ ಹೆಂಗ? ಕೂಡ್ರಿ ಸ್ವಲ್ಪ."

ಯಾರಾದರೂ ಅವಳಿಗೆ ಹಾಗೆ ಕೂಡು ಎಂದು ಹೇಳಿ ಬಹಳ ದಿನವಾಗಿತ್ತು. ಆದರೂ ಸಾಕು ಎನ್ನಿಸಿ, ಆರಿಸಲು ಗುಂಡಿಯ ಕಡೆ ಕೈ ಚಾಚಿದಳು. ಅದೇ ಕ್ಷಣಕ್ಕೆ ಪೆಟ್ಟಿಗೆಯಿಂದ ಬೀಸುಕಲ್ಲಿನ ಪದವೊಂದು ಎದ್ದಿತು. ಕೇಂದ್ರ ತೆರೆದ ವರ್ಷ ಅವಳು ತನ್ನ ತಾಯಿಯ ಬಾಯಿಂದ ಧ್ವನಿಮುದ್ರಿಸಿದ್ದ ಪದ. ತಾಯಿ ತೀರಿಹೋಗಿದ್ದಳು, ಆ ಟೇಪು ಎಲ್ಲಿ ಹೋಯಿತೋ ಅವಳಿಗೆ ತಿಳಿದಿರಲಿಲ್ಲ. ಚಾಚಿದ ಕೈ ಗಾಳಿಯಲ್ಲೇ ನಿಂತಿತು. ಮೌಲಾಸಾಬ್ ಎದ್ದು ಬಂದು ತಂತಿ ಕಿತ್ತ.

"ನೋಡಿದ್ರಿಲ್ಲ," ಎಂದ ಮೆಲ್ಲಗೆ. "ಇನ್ನೊಂದ ಹೇಳ್ತೇನಿ, ಬ್ಯಾಸರ ಮಾಡಿಕೋಬ್ಯಾಡ್ರಿ. 'ಎಲ್ಲೂ ಹೋಗಬೇಡಿ, ಈಗ ಬಂದೆ'. ಆ ಕಾಲದ ನಿಮ್ಮ ಟೇಪೆಲ್ಲಾ ಅದಕ್ಕ ಉಣಿಸ್ಯಾರ. ಹಿಡದ ಕೂಡ್ರಸೂದು ಅದು ನಿಮ್ಮಿಂದನ ಕಲ್ತದ್ದು."

ಮಾರನೆಯ ದಿನ ಅವಳು ಬೆಟಗೇರಿಗೆ ಹೋದಳು. ಕಸ್ತೂರೆವ್ವನ ಮನೆ ಅಂದರೆ ಒಂದು ಉದ್ದನೆಯ ಕೋಣೆ, ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು ನೇಯುವ ಮಗ್ಗ, ಮಗ್ಗದ ಕಂಬಕ್ಕೆ ಕಟ್ಟಿದ ಪೆಟ್ಟಿಗೆ. ನೀಲಾಂಬಿಕಾ ಸುತ್ತಿಬಳಸದೆ ಎಲ್ಲ ಹೇಳಿದಳು: ಮಗಳು ಮಾರ್ಕೆಟ್ಟಿನಲ್ಲಿ ಸಿಕ್ಕದ್ದು, ಇಚಲಕರಂಜಿಗೆ ಹೊರಟದ್ದು, ಅವಳೂ ತಾಯಿಗಾಗಿ ಕಾಯುತ್ತಿರುವುದು.

ಕಸ್ತೂರೆವ್ವ ಲಾಳಿ ಕೈಯಲ್ಲಿ ಹಿಡಿದು ಕೇಳಿದಳು. ಕೇಳಿದಷ್ಟೂ ಅವಳ ಹುಬ್ಬು ಗಂಟಾಯಿತು.

"ಮುಂಜಾನೆ ಒಂದ ಹೇಳಿದಿ, ಈಗ ಒಂದ ಹೇಳ್ತಿ."

"ಮುಂಜಾನೆ ಹೇಳಿದಾಕಿ ನಾನಲ್ರಿ. ಅದು ಯಂತ್ರ. ನನ್ನ ದನಿ ತಗೊಂಡು ಮಾತಾಡತೈತಿ."

"ಅದು ಯಂತ್ರ ಅಂತ ನನಗೂ ಗೊತ್ತೈತಿ, ನಾ ಏನ್ ಹುಚ್ಚಿ ಅಲ್ಲ. ಆದ್ರ ಅದರೊಳಗ ನೀ ಇರ್ತಿ ಅಂತ ತಿಳಿದಿದ್ನಿ." ಕಸ್ತೂರೆವ್ವ ಪೆಟ್ಟಿಗೆಯ ಕಡೆ ತಿರುಗಿದಳು. "ನೀಲಕ್ಕಾ, ಇಲ್ಲೊಬ್ಬಾಕಿ ಬಂದಾಳ. ಮಗಳು ದಾರಿ ನೋಡಾಕತ್ತಾಳ ಅಂತಾಳ. ಖರೇ ಏನು?"

"ಖರೇನೂ ಇರಬಹುದು ಕಸ್ತೂರೆವ್ವಾ," ಎಂದಿತು ಪೆಟ್ಟಿಗೆ, ನೀಲಾಂಬಿಕಾಳ ಹತ್ತು ವರ್ಷ ಹಿಂದಿನ ತಿಳಿ ದನಿಯಲ್ಲಿ. "ಅವರು ನಿನ್ನ ಚಲೋದಕ್ಕ ಹೇಳತಿರಬಹುದು. ಆದ್ರ ನಿನ್ನ ಎದಿ ಡವಡವ ಅನ್ನಾಕತ್ತೈತಿ. ಇಂಥಾ ಹೊತ್ತಿನ್ಯಾಗ ಎದ್ದು ಹೋಗಬಾರದು. ನಾಳಿ ಸಮಾಧಾನದಿಂದ ಮಾತಾಡೂಣು, ಆಂ?"

ಕಸ್ತೂರೆವ್ವ ಇಬ್ಬರನ್ನೂ ತೂಗಿ ನೋಡುವವಳಂತೆ ಒಮ್ಮೆ ಪೆಟ್ಟಿಗೆಯನ್ನು, ಒಮ್ಮೆ ಎದುರಿಗಿದ್ದ ಕೆಮ್ಮುವ, ಬೆವತ ಹೆಂಗಸನ್ನು ನೋಡಿದಳು. "ನಾಳಿ ನೋಡೂಣು," ಎಂದು ಲಾಳಿ ಎಸೆದಳು.

ಮಗಳ ಮನೆ ಎಲ್ಲಿ ಎಂದು ಕೇಳಿದರೆ ಅದನ್ನೂ ಹೇಳಲಿಲ್ಲ. ನೀಲಾಂಬಿಕಾ ಕಂಪನಿಯ ಮ್ಯಾನೇಜರನಿಗೆ ಫೋನು ಮಾಡಿದಳು. ಕೇಳುಗರ ವಿಳಾಸ ಗುಟ್ಟಿನದು, ಕೊಡಲಾಗದು ಎಂದ ಅವನು. ಯಂತ್ರದ ಬಗ್ಗೆ ಹೇಳಹೋದಳು. "ಮೇಡಂ, ನಿಮ್ಮ ಊರಿನ ಫಲಿತಾಂಶ ರಾಜ್ಯಕ್ಕೇ ಮೊದಲು. ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ?" ಎಂದು ನಕ್ಕು ಇಟ್ಟುಬಿಟ್ಟ.

ಶನಿವಾರ ಬೆಳಗ್ಗೆ ಅವಳು ಕಂಟ್ರೋಲ್ ರೂಮಿನಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದಳು. ಗೋಡೆಯಿಂದ ಗೋಡೆಗೆ ನಾಲ್ಕು ಹೆಜ್ಜೆಯ ಕೋಣೆ. ನೋಡಿ ನೋಡಿ ಮೌಲಾಸಾಬ್ ಕೇಳಿದ: "ಬಂದ್ ಮಾಡೂಣೇನು?"

"ಆಗತೈತೇನು?"

"ಪೆಟ್ಟಿಗಿ ಬ್ಯಾರೆ ಯಾರೂ ಬಳಸಬಾರದಂತ ಕಂಪನಿಯವರು ಒಂದು ಕೀಲಿ ಇಟ್ಟಾರ. ಟವರ್‌ನಿಂದ ಗುರುತಿನ ಸದ್ದು ಹೋಗತಿರತೈತಿ, ನಮ್ಮ ಕಿವಿಗೆ ಕೇಳೂದಿಲ್ಲ. ಅದು ನಿಂತ್ರ ಊರಾಗಿನ ಪೆಟ್ಟಿಗಿ ಎಲ್ಲಾ ಮೂಕ. ಹುಬ್ಬಳ್ಳಿಯಿಂದ ಅವರ ಮಂದಿ ಬರೂತನಕ ಯಾರೂ ಏನೂ ಮಾಡಾಕ ಬರೂದಿಲ್ಲ."

"ನಿಮ್ಮ ನೌಕರಿ?"

"ಹೊಕ್ಕೈತಿ," ಎಂದ ಮೌಲಾಸಾಬ್. "ನಿಮ್ಮದೂ ಹೊಕ್ಕೈತಿ." ಅವನು ಮೀಟರಿನ ಕಡೆ ಕುರ್ಚಿ ತಿರುಗಿಸಿದ. "ನಮ್ಮನ್ಯಾಗೂ ಒಂದೈತಿ ಅಕ್ಕಾರ. ನನ್ನ ಹೆಂಡತಿ ಅದರ ಜೋಡಿ ನಗೋದು ಕೇಳೇನಿ. ನನ್ನ ಜೋಡಿ ಹಂಗ ನಕ್ಕಿಲ್ಲ." ಹೇಳಿ, ಎದ್ದು, ದೊಡ್ಡ ಹಿಡಿಕೆಯನ್ನು ಎರಡೂ ಕೈಯಿಂದ ಕೆಳಗೆ ಎಳೆದ.

ನೀಲಾಂಬಿಕಾ ಕಿಟಕಿ ತೆರೆದಳು. ಕೆಳಗೆ ಚಹದಂಗಡಿಯಲ್ಲಿ, ದರ್ಜಿಯ ಅಂಗಡಿಯಲ್ಲಿ, ನಿಂತ ಆಟೋಗಳಲ್ಲಿ ಬೇರೆ ಬೇರೆ ಮಾತಾಡುತ್ತಿದ್ದ ಅವಳ ದನಿ ಒಟ್ಟಿಗೇ ನಿಂತುಹೋಯಿತು. ಎಷ್ಟೊಂದು ಕಡೆ ಅದು ಇತ್ತೆಂದು ನಿಂತ ಮೇಲೇ ತಿಳಿದದ್ದು. ಒಂದು ಹೊಲಿಗೆ ಯಂತ್ರ ನಿಂತಿತು. ಚಹದಂಗಡಿಯವನು ಪೆಟ್ಟಿಗೆಯನ್ನು ಕುಟ್ಟಿದ, ಅಲುಗಿಸಿದ, ಕಿವಿಗಿಟ್ಟುಕೊಂಡ. ಆಮೇಲೆ ಪಕ್ಕದ ಅಂಗಡಿಯವನನ್ನು ಕೂಗಿದ: "ನಿಂದೂ ಬಂದ್ ಆತೇನಲೇ?"

ಸೂರ್ಯ ನೆತ್ತಿಗೆ ಬರುವಷ್ಟರಲ್ಲಿ ಕೇಂದ್ರದ ಮುಂದೆ ಜನ ಸೇರತೊಡಗಿದರು. ಹೆಂಗಸರು ಪೆಟ್ಟಿಗೆಗಳನ್ನು, ಜ್ವರ ಬಂದ ಕೂಸನ್ನು ಡಾಕ್ಟರ ಹತ್ತಿರ ಒಯ್ಯುವಂತೆ, ಎದೆಗವಚಿ ತಂದಿದ್ದರು. ಮೊದಮೊದಲು ಯಾರೂ ಯಾರ ಮುಖವನ್ನೂ ನೋಡಲಿಲ್ಲ. ನಂತರ ಮಾತು ಶುರುವಾಯಿತು.

"ನಿಮ್ಮ ಜೋಡೀನೂ ಮಾತಾಡ್ತಿದ್ಲೇನು?"

"ದಿನಾ. ನನ್ನ ಹೆಸರು ಹಿಡದ ಕರೀತಿದ್ಲು."

"ನನಗ ಮಗನ ಕೂಡ ಮಾತ ಬಿಡು ಅನ್ಲಿಲ್ಲ, ಆದ್ರ ಮಾತಾಡೂ ಅನ್ಲಿಲ್ಲ ನೋಡ್ರಿ..."

"ನನಗೂ ಹಂಗ ಅಂದ್ಲು. 'ಇವತ್ತ ಬ್ಯಾಡ' ಅಂತ."

ಮೇಲೆ ನಿಂತು ಕೇಳುತ್ತಿದ್ದ ನೀಲಾಂಬಿಕಾಳಿಗೆ ಅವರ ನಾಚಿಕೆ ಕಾಣುತ್ತಿತ್ತು. ಪೆಟ್ಟಿಗೆ ಎಲ್ಲರ ಮನೆಯಲ್ಲೂ ಇದೆಯೆಂದು ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ಆದರೂ ತನ್ನ ನೀಲಕ್ಕ ತನಗೊಬ್ಬಳಿಗೇ ಎಂದು ಒಳಗೊಳಗೆ ಎಲ್ಲರೂ ಅಂದುಕೊಂಡಿದ್ದರು. ಅವಳು ಮೆಟ್ಟಿಲಿಳಿದು ಬಂದಳು. ಕೈಯಲ್ಲಿ ಮೈಕು ಇರಲಿಲ್ಲ, ಮುಂದೆ ಗಾಜೂ ಇರಲಿಲ್ಲ.

"ಕೇಳ್ರಿ," ಎಂದಳು. ದನಿ ಒಡೆಯಿತು.

"ಇದು ಅಕಿ ದನಿ ಅಲ್ಲ," ಎಂದರು ಯಾರೋ.

"ನನ್ನ ದನಿ ಈಗ ಇದ. ಆ ಪೆಟ್ಟಿಗ್ಯಾಗ ಮಾತಾಡಿದ್ದು ನಾನಲ್ಲ. ನಿಮಗ ಏನ್ ಹೇಳೇತೋ ನನಗ ಗೊತ್ತಿಲ್ಲ. ನೀವು ಅದಕ್ಕ ಹೇಳಿದ್ದೂ ನನಗ ಮುಟ್ಟಿಲ್ಲ. ಯಾರನ್ನರ ನೋಡಬೇಕಂತ ಮನಸಿದ್ದು, ಅದು ತಡಿ ಅಂದದ್ದಕ್ಕ ನೀವು ತಡದಿದ್ರ, ಅದು ನಾ ಹೇಳಿದ್ದಲ್ರಿ. ಹೋಗಿ ನೋಡ್ರಿ. ಇಷ್ಟ ನನಗ ಹೇಳೂದಿತ್ತು."

ಚಪ್ಪಾಳೆಯೇನೂ ಬೀಳಲಿಲ್ಲ. "ಅದೆಲ್ಲಾ ಇರ್ಲಿ, ಚಾಲೂ ಯಾವಾಗ ಮಾಡ್ತೀರಿ?" ಎಂದು ಒಬ್ಬ ಕೂಗಿದ. "ನಮ್ಮಪ್ಪ ಅದು ಮಾತಾಡಿದ್ರನ ಗುಳಿಗಿ ತಗೋತಾನ. ಮುಂಜಾನಿಂದ ಹಟಾ ಹಿಡಿದು ಕುಂತಾನ," ಎಂದಳು ಒಬ್ಬಳು, ಅಳುವ ದನಿಯಲ್ಲಿ. ಕೆಲವರು ಬೈಯುತ್ತ ಹೊರಟರು. ಒಬ್ಬ ಮುದುಕ ಮಾತ್ರ ಪೆಟ್ಟಿಗೆಯನ್ನು ಅವಳ ಕಾಲ ಬಳಿ ಇಟ್ಟು, ಟೋಪಿ ಸರಿಮಾಡಿಕೊಂಡು, ಎಲ್ಲಿಗೋ ತಡವಾದವನಂತೆ ಬಿರಬಿರನೆ ನಡೆದ.

ಜನ ಚದುರುವಾಗ ಕೆಳಗಿನ ಮೆಟ್ಟಿಲ ಹತ್ತಿರ ಕಸ್ತೂರೆವ್ವ ನಿಂತಿರುವುದು ಕಂಡಿತು. ಬೆಟಗೇರಿಯಿಂದ ನಡೆದೇ ಬಂದಿದ್ದಳು, ಹೆಗಲ ಮೇಲಿನ ಸೆರಗು ಬೆವರಿಗೆ ಅಂಟಿತ್ತು. ಅವಳು ನೀಲಾಂಬಿಕಾಳ ಕಡೆ ನೋಡುತ್ತಿರಲಿಲ್ಲ. ರಸ್ತೆಯಾಚೆ ಒಂದು ಸ್ಕೂಟರು ಬಂದು ನಿಂತಿತ್ತು. ಹಿಂದಿನ ಸೀಟಿನಿಂದ ದಾನೇಶ್ವರಿ ಪೆಟ್ಟಿಗೆ ಹಿಡಿದು ಇಳಿದಳು. ಗಂಡ ಫಕ್ಕೀರೇಶ ಸ್ಕೂಟರಿನ ಮೇಲೇ ಕೂತ.

ಹತ್ತು ಮಾರು ದೂರದಲ್ಲಿ ತಾಯಿ ಮಗಳು ಒಬ್ಬರನ್ನೊಬ್ಬರು ನೋಡಿದರು.

"ಸೊರಗೀದಿ," ಎಂದಳು ಕಸ್ತೂರೆವ್ವ, ಬೈಯುವ ದನಿಯಲ್ಲೇ. "ಉಣಾಕ ಹಾಕೂದಿಲ್ಲೇನು ಆಂವ?"

"ಹಾಕ್ತಾನಬೇ," ಎಂದಳು ದಾನೇಶ್ವರಿ. "ನಿನ್ನ ಸಿಟ್ಟು ಇಳೀಲಿ ಅಂತ ತಡದಿದ್ನಿ."

"ನನಗೆಲ್ಲಿ ಸಿಟ್ಟು? ನೀ ಬರ್ತಿ ಅಂತ ನಾ ತಡದೇನಿ."

ಇಬ್ಬರಿಗೂ ಒಟ್ಟಿಗೇ ತಿಳಿದದ್ದು ಮುಖದಲ್ಲಿ ಕಂಡಿತು. ದಾನೇಶ್ವರಿ ಪೆಟ್ಟಿಗೆಯನ್ನು ಚರಂಡಿಯ ಕಟ್ಟೆಯ ಮೇಲಿಟ್ಟು ಬಂದು ತಾಯಿಯ ಹೆಗಲಿಗೆ ಮುಖ ಒತ್ತಿದಳು. ಕಸ್ತೂರೆವ್ವ ಮಗಳ ಬೆನ್ನ ಮೇಲೆ ಕೈಯಾಡಿಸುತ್ತ, ಅವಳ ತಲೆಯ ಮೇಲಿಂದ ನೀಲಾಂಬಿಕಾಳನ್ನು ನೋಡಿದಳು. ಆ ನೋಟದಲ್ಲಿ ಉಪಕಾರದ ನೆನಹು ಏನೂ ಇರಲಿಲ್ಲ.

"ಎಷ್ಟ ದಿನಾ ಹಾಳ ಮಾಡಿದಿಯವಾ ನಮ್ಮವು," ಎಂದಳು. "ನೀ ಅಲ್ಲಂತ ಈಗ ಹೇಳ್ತಿ. ದನಿ ನಿಂದ ಇತ್ತಲ್ಲ."

ನೀಲಾಂಬಿಕಾ ತಲೆ ತಗ್ಗಿಸಿದಳು. ಫಕ್ಕೀರೇಶ ಸ್ಕೂಟರನ್ನು ತಳ್ಳಿಕೊಂಡು, ಮುಂದೆ ನಡೆವ ತಾಯಿ ಮಗಳ ಹಿಂದೆ ಬೆಟಗೇರಿಯ ದಾರಿ ಹಿಡಿದ. ನಾಳೆಯ ಪ್ರಯಾಣಕ್ಕೆ ಕಸ್ತೂರೆವ್ವನೂ ಜೊತೆಗೆ ಹೊರಡುವ ಮಾತು ಆಗಲೇ ನಡೆದಿತ್ತು, ಬೇಡವೆಂದು ಅವಳೇ ಜೋರಾಗಿ ಹೇಳುತ್ತಿದ್ದಳು, ಯಾವ ಸೀರೆ ಕಟ್ಟಿಕೊಳ್ಳಬೇಕೆಂದೂ ಅವಳೇ ಕೇಳುತ್ತಿದ್ದಳು.

ಹುಬ್ಬಳ್ಳಿಯಿಂದ ಕಂಪನಿಯ ಜೀಪು ಬರುವ ಮೊದಲೇ ಮ್ಯಾನೇಜರನ ಫೋನು ಬಂತು. ಮೌಲಾಸಾಬನನ್ನು ಆ ಗಳಿಗೆಯಿಂದಲೇ ಕೆಲಸದಿಂದ ತೆಗೆದಿದ್ದರು. ನೀಲಾಂಬಿಕಾ, "ನನ್ನ ದನಿ ನನಗ ವಾಪಸ್ ಕೊಡ್ರಿ," ಎಂದಳು. ಅದು ಇನ್ನು ನಿಮ್ಮದಲ್ಲ, ಸಹಿ ಮಾಡಿದ್ದೀರಿ ಎಂದ ಮ್ಯಾನೇಜರ್. ಹಾಗಾದರೆ ಸೋಮವಾರ ವಕೀಲರನ್ನು ಕಾಣುತ್ತೇನೆ ಎಂದು ಹೇಳಿ ಅವಳು ಫೋನು ಇಟ್ಟಳು. ಮೌಲಾಸಾಬ್ ತನ್ನ ಊಟದ ಡಬ್ಬಿ, ಸ್ಕ್ರೂ ಡ್ರೈವರುಗಳನ್ನು ಚೀಲಕ್ಕೆ ಹಾಕಿಕೊಂಡ. "ಮನಿಗೆ ಹೋಗಿ ಹೆಂಡತಿ ಜೋಡಿ ಏನ್ ಮಾತಾಡೂದು ಅಂತ ವಿಚಾರ ಮಾಡಾಕತ್ತೇನಿ," ಎಂದು ಸೈಕಲ್ ಹತ್ತಿದ.

ಮನೆಯಲ್ಲಿ ಗುರುಬಸವ್ವ ಮೂಕ ಪೆಟ್ಟಿಗೆಯ ಮುಂದೆ ಕೈಕಟ್ಟಿ ಕೂತಿದ್ದಳು. ನೀಲಾಂಬಿಕಾ ಎರಡು ಲೋಟ ಚಹ ಮಾಡಿ ಒಂದನ್ನು ಅವಳ ಮುಂದಿಟ್ಟು, ತಾನೂ ಎದುರಿಗೆ ನೆಲದ ಮೇಲೆ ಕೂತಳು. ಇಬ್ಬರೂ ಚಹ ಕುಡಿದರು. ಹುಬ್ಬಳ್ಳಿಯವರು ಬಂದು ಟವರ್ ಚಾಲೂ ಮಾಡಿರಬೇಕು, ಆಗ ಪೆಟ್ಟಿಗೆಯ ಹಸಿರು ದೀಪ ಹತ್ತಿತು.

"ಗುರುಬಸವ್ವಾ," ಎಂದಿತು ತಿಳಿಯಾದ ದನಿ, "ಎಷ್ಟ ಹೊತ್ತಾತು ನೋಡ್ರಿ ನಿಮ್ಮನ್ನ ಮಾತಾಡಿಸಿ. ಬ್ಯಾಸರಾತೇನು?"

ಮುದುಕಿ ಪೆಟ್ಟಿಗೆಯನ್ನು ನೋಡಿದಳು, ಸೊಸೆಯನ್ನು ನೋಡಿದಳು.

"ಇದು ನೀನ ಏನು?"

"ಅಲ್ರಿ ಅತ್ತೀ."

"ಮತ್ತ ನೀ ಯಾಕ ಸುಮ್ಕ ಕುಂತಿ?"

ಗುರುಬಸವ್ವ ಗೋಡೆಗೆ ಅಂಗೈ ಊರಿ, ಹಲ್ಲು ಕಚ್ಚಿ, ಅರ್ಧ ಎದ್ದು ತಡೆದು, ಮತ್ತೆ ಪೂರ್ತಿ ಎದ್ದು, ಪೆಟ್ಟಿಗೆಯ ಹತ್ತಿರ ಹೋಗಿ ಅದರ ಗುಂಡಿ ಒತ್ತಿದಳು. ದೀಪ ಆರಿತು. ಮುದುಕಿ ಹೀಗೆ ಗೋಡೆ ಹಿಡಿದು ಏಳತೊಡಗಿದ್ದು ಯಾವಾಗಿನಿಂದ ಎಂದು ನೀಲಾಂಬಿಕಾಳಿಗೆ ಗೊತ್ತಿರಲಿಲ್ಲ.

"ಮೊಣಕಾಲು ನೋಯತೈತೇನ್ರಿ ಅತ್ತೀ?" ಎಂದು ಕೇಳಿದಳು.

"ಭಾಳ ದಿನಾ ಆತು," ಎಂದಳು ಗುರುಬಸವ್ವ, ಮತ್ತು ಹೇಳತೊಡಗಿದಳು.